ನಡೆಯುವುದು ಬೇರೆ, ಚಲಿಸುವುದು ಬೇರೆ

ಈ ಅಂಕಣದಲ್ಲಿ ನಾವು ಬಹುಕಾಲದಿಂದ ಅನ್ಯರ ಬರೆವಣಿಗೆಯಲ್ಲಿ ಕಂಡ ಪದದೋಷಗಳನ್ನು ಎತ್ತಿ ತೋರಿಸುತ್ತ ಬಂದಿದ್ದೇವೆ. ಮದುವೆಯ ಕರೆಯೋಲೆಯಿಂದ ಹಿಡಿದು ಸನ್ಮಾನಪತ್ರದವರೆಗೆ ಯಾವುದನ್ನೂ ಬಿಟ್ಟವರಲ್ಲ. ಈ ತಿಂಗಳು ನಮ್ಮದೇ ಒಂದು ತಪ್ಪನ್ನು ವಾಚಕಬಂಧುಗಳ ಮುಂದಿಡಬೇಕಾಗಿದೆ. ಅದು ಒಂದೇ ಒಂದು ಕ್ರಿಯಾಪದದ ತಪ್ಪು. ಆದರೆ ಅದರ ಫಲವನ್ನು ಉಂಡವರು ನಾವಲ್ಲ, ನಮ್ಮ ನೆರೆಯ ಹಿರಿಯರು.

ದಾವಣಗೆರೆಯ ಸರಸ್ವತಿ ನಗರದಲ್ಲಿ ನಮ್ಮ ಮನೆಯಿಂದ ಎರಡು ಮನೆಯಾಚೆ ಅವರ ವಾಸ. ಹತ್ತಿಗಿರಣಿಯಲ್ಲಿ ದುಡಿದು ವಿಶ್ರಾಂತರಾದವರು. ವಯಸ್ಸಿನಲ್ಲಿ ನಮಗಿಂತ ಎಂಟು ವರ್ಷ ದೊಡ್ಡವರು. ಮಾಘಮಾಸದಲ್ಲಿ ಕೊಟ್ಟೂರು ಗುರುಬಸವೇಶ್ವರರ ರಥೋತ್ಸವಕ್ಕೆ ನಮ್ಮೂರಿನಿಂದ ಸಾವಿರಾರು ಭಕ್ತರು ಕಾಲ್ನಡೆಯಲ್ಲಿ ಹೊರಡುವ ಸಂಗತಿ ಈ ಭಾಗದ ವಾಚಕರಿಗೆ ತಿಳಿದೇ ಇದೆ. ಕೊಟ್ಟೂರು ಈಗ ವಿಜಯನಗರ ಜಿಲ್ಲೆಗೆ ಸೇರಿದೆಯಾದರೂ ದಾವಣಗೆರೆಯವರಿಗೆ ಅದು ಪರಜಿಲ್ಲೆಯ ಊರಲ್ಲ. ಆ ಪಾದಯಾತ್ರೆಯನ್ನು ನಮ್ಮ ಹಿರಿಯರು ಒಂದು ವರ್ಷವೂ ತಪ್ಪಿಸಿದ್ದಿಲ್ಲ. ಅಂಥವರು ಕಳೆದ ಶ್ರಾವಣದಲ್ಲಿ ಬಚ್ಚಲಮನೆಯಲ್ಲಿ ಕಾಲು ಜಾರಿ ಬಿದ್ದರು. ಬಲತೊಡೆಯ ಮೂಳೆ ಮುರಿಯಿತು. ಆಸ್ಪತ್ರೆಯಲ್ಲಿ ಶಸ್ತ್ರಚಿಕಿತ್ಸೆ ನಡೆಯಿತು. ಲೋಹದ ಪಟ್ಟಿಯನ್ನು ತಿರುಪುಗಳಿಂದ ಮೂಳೆಗೆ ಬಿಗಿದು, ಕೆಲವು ದಿನಗಳ ತರುವಾಯ ಮನೆಗೆ ಕಳಿಸಿದರು.

ಕಳಿಸುವಾಗ ಕೊಟ್ಟ ಚೀಟಿ ಇಂಗ್ಲಿಷಿನಲ್ಲಿತ್ತು. ಹಿರಿಯರ ಮಗ ಅದನ್ನು ಹಿಡಿದುಕೊಂಡು ನೇರವಾಗಿ ನಮ್ಮಲ್ಲಿಗೆ ಬಂದನು. "ಅಯ್ನೋರೇ, ಇದರಾಗೆ ಏನು ಬರ್ದಾರೆ ಸ್ವಲ್ಪ ನೋಡಿ ಹೇಳ್ರಿ" ಎಂದನು. ಔಷಧಗಳ ಹೆಸರುಗಳನ್ನು ಅಂಗಡಿಯವರೇ ಓದಿಕೊಳ್ಳುತ್ತಾರೆ; ಉಳಿದದ್ದು ಕಡೆಯ ಎರಡು ಸಾಲು. ಮೊದಲನೆಯದು 'ಮೊಬಿಲೈಸ್ ವಿತ್ ವಾಕರ್' ಎಂದು. ಅದರ ಕೆಳಗೆ, ಸಹಿಯ ಮಗ್ಗುಲಲ್ಲಿ, ಮೂರೇ ಅಕ್ಷರಗಳು: ಎನ್, ಡಬ್ಲ್ಯು, ಬಿ. ಈ ಮೂರನ್ನು ನಾವು ವೈದ್ಯರ ಹೆಸರಿನ ಮೊದಲಕ್ಷರಗಳೆಂದು ಭಾವಿಸಿದೆವು.

ಇನ್ನು 'ಮೊಬಿಲೈಸ್'. ನಮಗೆ ತಿಳಿದಿದ್ದಂತೆ ಅದು ಸೈನ್ಯವನ್ನು ಜಮಾಯಿಸುವುದಕ್ಕೆ, ಜನರನ್ನು ಸಂಘಟಿಸುವುದಕ್ಕೆ ಸಲ್ಲುವ ಮಾತು. ಮುರಿದ ತೊಡೆಗೆ ಅದು ಹೊಂದುವುದಿಲ್ಲ. 'ಮೊಬೈಲ್' ಎಂದರೆ ಚರ, ಓಡಾಡುವಂಥದು. ಆದುದರಿಂದ 'ಮೊಬಿಲೈಸ್' ಎಂದರೆ ಓಡಾಡಿಸುವುದು ಎಂದು ತರ್ಕಿಸಿ, "ವಾಕರ್ ಹಿಡಿಸಿ ಓಡಾಡಿಸಬೇಕಂತಪ್ಪ" ಎಂದು ಹೇಳಿಬಿಟ್ಟೆವು. ಹುಡುಗನು ನಮಸ್ಕರಿಸಿ ಹೋದನು. ನಾವು ಪೂಜೆಗೆ ಕುಳಿತೆವು.

ಹಿರಿಯರಿಗೆ ಈ ಮಾತು ಹಬ್ಬದೂಟದಂತೆ ಆಯಿತು. ಮೊದಲೇ ನಡಿಗೆಯ ಅಭಿಮಾನಿಗಳು. ಮರುದಿನವೇ ಪಡಸಾಲೆಯಿಂದ ಅಡುಗೆಮನೆಗೆ, ಅದರಾಚೆ ದಿನ ಅಂಗಳಕ್ಕೆ, ಎರಡೂ ಕಾಲೂರಿ ನಡೆದರು. ನಾವೇ ಬೇಲಿಯ ಬಳಿ ನಿಂತು ಭಲೆ ಎಂದೆವು. ಏಳನೆಯ ದಿನ ತೊಡೆ ಊದಿತು, ರಾತ್ರಿಯೆಲ್ಲ ನರಳಾಟ. ಎಕ್ಸರೆ ತೆಗೆದು ನೋಡಿದ ವೈದ್ಯರು ಹೇಳಿದ ಮಾತು ಎರಡೇ ಪದ: "ತಿರುಪು ಸರಿದಿದೆ." ಎರಡನೆಯ ಸಲ ಶಸ್ತ್ರಚಿಕಿತ್ಸೆಯಾಯಿತು. ನಡೆಯಲು ಹೇಳಿದವರು ಯಾರೆಂದು ವೈದ್ಯರು ಕೇಳಿದಾಗ, ಮಗನು ಬಾಯಿ ತೆರೆಯುವ ಮೊದಲೇ ಹಿರಿಯರು, "ಯಾರೂ ಹೇಳಿಲ್ರೀ, ನಂದೇ ಹಟ" ಎಂದರಂತೆ. ನಮ್ಮ ಹೆಸರು ಹೊರಬರಲಿಲ್ಲ. ಆ ಸಂಗತಿಯನ್ನು ಅವರ ಸೊಸೆ ನಮ್ಮ ಮನೆಯವರಿಗೆ ಹೇಳಿದ್ದರಿಂದ ನಮಗೆ ತಿಳಿಯಿತು.

ವ್ಯಾಯಾಮಚಿಕಿತ್ಸೆಗಾಗಿ ಮನೆಗೆ ಬರತೊಡಗಿದ ತರುಣಿಯೊಬ್ಬಳು ನಮಗೆ ಆ ಸಾಲುಗಳನ್ನು ಬಿಡಿಸಿ ಹೇಳಿದಳು. ಆ ಮೂರಕ್ಷರಗಳು 'ನಾನ್ ವೆಯ್ಟ್ ಬೇರಿಂಗ್' ಎಂಬುದರ ಸಂಕ್ಷೇಪ: ಆ ಕಾಲಿನ ಮೇಲೆ ಎಳ್ಳಷ್ಟೂ ಭಾರ ಬೀಳಕೂಡದು. 'ಮೊಬಿಲೈಸ್' ಎಂಬುದು ಆಸ್ಪತ್ರೆಯ ಮಾತಿನಲ್ಲಿ ರೋಗಿಯನ್ನು ಮಲಗಿಸಿಯೇ ಇಡದೆ ಹಾಸಿಗೆಯಿಂದೆಬ್ಬಿಸಿ ಚಲನೆಗೆ ತರುವುದು: ಕೂಡಿಸುವುದು, ಕುರ್ಚಿಗೆ ಸಾಗಿಸುವುದು, ಕೀಲುಗಳನ್ನು ಆಡಿಸುವುದು, ವಾಕರಿನ ಮೇಲೆ ಕೈಯ ಭಾರ ಹಾಕಿ ಒಳ್ಳೆಯ ಕಾಲಿನಿಂದಲೇ ಮುಂದಕ್ಕೆ ಸರಿಯುವುದು. "ಅಜ್ಜಾರೇ, ಮೂವ್ ಮಾಡ್ಸೋದು ಬೇರೆ, ವಾಕ್ ಮಾಡ್ಸೋದು ಬೇರೆ" ಎಂದಳು. ಮಠದ ಪಾಠಶಾಲೆಯಲ್ಲಿ ಹನ್ನೆರಡು ವರ್ಷ ಧಾತುಪಾಠ ಮಾಡಿದ ನಮಗೆ ಆ ಮಗು ಒಂದು ವಾಕ್ಯದಲ್ಲಿ ಪಾಠ ಹೇಳಿತು.

ಅಂದು ರಾತ್ರಿ ನಿಘಂಟುಗಳನ್ನು ಹರಡಿಕೊಂಡು ಕುಳಿತೆವು. ತಪ್ಪಾದ ಮೇಲೆ ನಿಘಂಟು ನೋಡುವುದು ವಿದ್ವಾಂಸರ ಹಳೆಯ ಚಾಳಿ.

ಇಂಗ್ಲಿಷಿನ 'ವಾಕ್' ಎಂಬ ಮಾತಿಗೆ ಕಾಲುಗಳು ಬೇಕೇ ಬೇಕು. ಒಂದು ಪಾದ ನೆಲದ ಮೇಲಿರುವಂತೆಯೇ ಇನ್ನೊಂದು ಮುಂದೆ ಹೋಗಬೇಕು. ಎರಡೂ ನೆಲ ಬಿಟ್ಟರೆ ಅದು ಓಟ. ಓಲಿಂಪಿಕ್ ಕ್ರೀಡೆಗಳ ನಡಿಗೆಯ ಸ್ಪರ್ಧೆಯಲ್ಲಿ ಇದೇ ನಿಯಮವನ್ನು ಹಿಡಿದು ತೀರ್ಪುಗಾರರು ಸ್ಪರ್ಧಿಗಳನ್ನು ಹೊರಗೆ ಹಾಕುತ್ತಾರೆ. ಅಂದರೆ ದೇಹದ ಭಾರವು ಎಡಗಾಲಿನಿಂದ ಬಲಗಾಲಿಗೆ, ಬಲಗಾಲಿನಿಂದ ಎಡಗಾಲಿಗೆ ದಾಟುತ್ತಿರುವುದೇ ನಡಿಗೆಯ ಒಳಗುಟ್ಟು. ಒಂದು ಕಾಲಿನ ಮೇಲೆ ಭಾರವೇ ಬೀಳಬಾರದು ಎಂದಮೇಲೆ ಆ ಮನುಷ್ಯನು ಚಲಿಸಬಲ್ಲನು, ಆದರೆ ಆ ಅರ್ಥದಲ್ಲಿ ನಡೆಯಲಾರನು. 'ಮೂವ್' ಎಂಬುದಾದರೋ ಲ್ಯಾಟಿನಿನಿಂದ ಬಂದುದು. ಅದಕ್ಕೆ ಕಾಲಿನ ಹಂಗಿಲ್ಲ. ಕೈಬೆರಳು ಅಲುಗಿದರೂ ಮೂವ್, ಮನೆ ಬದಲಿಸಿದರೂ ಮೂವ್, ಸಭೆಯಲ್ಲಿ ಗೊತ್ತುವಳಿ ಮಂಡಿಸಿದರೂ ಮೂವ್, ಮನಸ್ಸು ಕರಗಿದರೂ ಮೂವ್. ಮೋಟಾರು, ಮೊಬೈಲು, ಮೊಬಿಲೈಸು ಎಲ್ಲ ಆ ಒಂದೇ ಬಳ್ಳಿಯ ಕಾಯಿಗಳು. ನಡೆಯುವುದೆಲ್ಲ ಚಲನೆ, ಚಲನೆಯೆಲ್ಲ ನಡಿಗೆಯಲ್ಲ.

ನಮ್ಮ ಕನ್ನಡದ ತೊಡಕು ಬೇರೊಂದು ಬಗೆಯದು. ನಮ್ಮ 'ನಡೆ'ಗೆ ಕಾಲು ಬೇಕೆಂದಿಲ್ಲ. ಗಡಿಯಾರ ನಡೆಯುತ್ತದೆ, ಅಂಗಡಿ ನಡೆಯುತ್ತದೆ, ಮದುವೆ ನಡೆಯುತ್ತದೆ, ಸಂಸಾರವೂ ಹೇಗೋ ನಡೆಯುತ್ತದೆ. ಮೇಲೆ ನಾವೇ ಬರೆದೆವಲ್ಲ, ಶಸ್ತ್ರಚಿಕಿತ್ಸೆ ನಡೆಯಿತು ಎಂದು! ನಡತೆ, ನಡವಳಿಕೆ, ಸಭೆಯ ನಡಾವಳಿ ಎಲ್ಲ ಅದರ ಮಕ್ಕಳು. ಶರಣಪರಂಪರೆಯಲ್ಲಿ ನಡೆಯನ್ನು ನುಡಿಯ ಜೊತೆಗೆ ಕಟ್ಟಿದಾಗಲಂತೂ ಪಾದದ ಮಾತೇ ಇಲ್ಲ. ಮತ್ತೊಂದು ಕಡೆ 'ಓಡಾಡು' ಎಂಬಲ್ಲಿ ಓಟವೂ ಇಲ್ಲ, ಆಟವೂ ಇಲ್ಲ. ಬಾಣಂತಿ ಓಡಾಡುತ್ತಾಳೆ ಎಂದರೆ ಎದ್ದು ಮನೆಗೆಲಸ ಮಾಡಿಕೊಳ್ಳುತ್ತಿದ್ದಾಳೆ ಎಂದಷ್ಟೇ. ನಡೆದಾಡು, ತಿರುಗಾಡು, ಅಲೆದಾಡು, ಸುಳಿದಾಡು, ಅಡ್ಡಾಡು ಎಂಬಲ್ಲೆಲ್ಲ 'ಆಡು' ಎಂಬುದು ಕ್ರಿಯೆಯನ್ನು ಸಡಿಲಗೊಳಿಸಿ, ಗುರಿಯನ್ನು ತೆಗೆದುಹಾಕಿ, ಮತ್ತೆ ಮತ್ತೆ ಎಂಬ ಛಾಯೆಯನ್ನು ತುಂಬುತ್ತದೆ. ಚೀಟಿಯಲ್ಲಿ ಇಲ್ಲದ ಈ ಸಡಿಲವನ್ನೇ ನಾವು 'ಓಡಾಡಿಸು' ಎಂದು ಹೇಳಿ ಆ ಮನೆಗೆ ಕಳಿಸಿದ್ದೆವು.

ಅದಾದ ಮೇಲೆ ದಿನವೂ ಸಂಜೆ ಹಿರಿಯರ ಹಾಸಿಗೆಯ ಬಳಿ ಕುಳಿತು ಬರುವುದನ್ನು ರೂಢಿ ಮಾಡಿಕೊಂಡೆವು. ಕ್ಷಮೆ ಕೇಳಲು ಹೋದರೆ, "ಬಿಡ್ರಿ ಅಯ್ನೋರೇ, ನೀವು ಹೇಳದಿದ್ರೂ ನಾನು ನಡೀತಿದ್ದೆ" ಎಂದು ಮಾತು ತಿರುಗಿಸುತ್ತಿದ್ದರು. ಅವರ ಮೊಮ್ಮಗಳು ಕಾಲೇಜಿನಲ್ಲಿ ಓದುತ್ತಾಳೆ. ಅವಳ ಇಂಗ್ಲಿಷ್ ವ್ಯಾಕರಣದ ಪುಸ್ತಕದಲ್ಲಿ ನಡಿಗೆಯ ಮಾತುಗಳದೇ ಒಂದು ಪುಟವಿತ್ತು. ಅವಳು ಒಂದೊಂದನ್ನೇ ಓದಿ ಅಭಿನಯಿಸಿ ತೋರಿಸುವುದು, ಹಿರಿಯರು ಮಲಗಿದ್ದಲ್ಲಿಂದಲೇ ಕನ್ನಡ ಹೇಳುವುದು, ಇದು ಒಂದು ಆಟವೇ ಆಗಿಹೋಯಿತು. 'ಸ್ಟ್ರೈಡ್' ಎಂದರೆ ದಾಪುಗಾಲು. 'ಲಿಂಪ್' ಕುಂಟುವುದು. 'ಟಿಪ್‌ಟೋ' ತುದಿಗಾಲಿನ ನಡಿಗೆ. 'ಟಾಡ್ಲ್' ಎಂಬುದಕ್ಕೆ ನಾವು ತಡವರಿಸುತ್ತಿರುವಾಗಲೇ ಅವರು "ತಪ್ಪುಹೆಜ್ಜೆ" ಎಂದರು. ಕೂಸು ಮೊದಲ ಸಲ ಇಡುವ ಹೆಜ್ಜೆಗೆ ಇದಕ್ಕಿಂತ ಚೆಲುವಾದ ಮಾತು ಯಾವ ಭಾಷೆಯಲ್ಲಿದೆಯೋ ಕಾಣೆವು. 'ಸ್ಟ್ರೋಲ್' ಎಂದರೆ ಸಂಜೆಯ ಅಡ್ಡಾಟ. 'ಟ್ರಡ್ಜ್' ಬಂದಾಗ ಅವಳು ಕಾಲೆಳೆದುಕೊಂಡು ಕೋಣೆಯನ್ನು ಸುತ್ತಿದಳು. ಹಿರಿಯರು ನಕ್ಕು, "ಅದು ಕೊಟ್ಟೂರು ಇನ್ನೂ ಕಾಣ್ಸದಾಗ ಬರೋ ನಡಿಗೆ" ಎಂದರು. ನೀರಿನೊಳಗೆ ನಡೆಯುವ 'ವೇಡ್' ಎಂಬುದಕ್ಕೆ ಹರಿಹರದ ಕಡೆಯವರಾದ ಸೊಸೆ ಒಳಗಿನಿಂದಲೇ, "ಹೊಳಿ ಹಾಯೋದು" ಎಂದು ಕೂಗಿ ಹೇಳಿದರು. ತುಂಗಭದ್ರೆಯ ದಂಡೆಯಲ್ಲಿ ಬೆಳೆದವರಿಗೆ ಆ ಮಾತಿಗಾಗಿ ಹುಡುಕಬೇಕಾಗಿಲ್ಲ.

ಈ ಆಟದಲ್ಲಿ ನಮಗೊಂದು ಶಾಸ್ತ್ರವಿಷಯ ಹೊಳೆಯಿತು. ಇಂಗ್ಲಿಷು ನಡಿಗೆಯ ರೀತಿಯನ್ನು ಕ್ರಿಯಾಪದದ ಹೊಟ್ಟೆಯಲ್ಲೇ ಅಡಗಿಸುತ್ತದೆ. ಹೋಗುವ ದಿಕ್ಕನ್ನು 'ಇನ್', 'ಔಟ್', 'ಅಪ್', 'ಡೌನ್' ಎಂಬ ಪುಟ್ಟ ಪದಗಳಿಗೆ ಒಪ್ಪಿಸುತ್ತದೆ. ಕನ್ನಡವು ಬಹುಮಟ್ಟಿಗೆ ಇದಕ್ಕೆ ವಿಲೋಮ. ಏರು, ಇಳಿ, ದಾಟು, ಹಾಯು, ಹೊರಡು, ಒಳಹೊಗು ಎಂದು ದಿಕ್ಕು ಕ್ರಿಯಾಪದದಲ್ಲೇ ಇದೆ. ರೀತಿಯನ್ನು ಮಾತ್ರ ಕುಂಟುತ್ತ, ತೂರಾಡುತ್ತ ಎಂದೋ, ಸರಸರನೆ, ದಡದಡನೆ, ಬಿರಬಿರನೆ ಎಂದು ಅನುಕರಣದಿಂದಲೋ ಹೊರಗೆ ಸೇರಿಸಿ ಹೇಳುತ್ತೇವೆ. ಭಾಷೆಗಳು ಹೀಗೆ ಎರಡು ಹಾದಿ ಹಿಡಿಯುವುದನ್ನು ಅಮೆರಿಕದ ಭಾಷಾಶಾಸ್ತ್ರಜ್ಞ ಲಿಯೊನಾರ್ಡ್ ಟಾಲ್ಮಿಯವರು 1985ರ ತಮ್ಮ ಪ್ರಬಂಧದಲ್ಲಿ ವಿಸ್ತಾರವಾಗಿ ವಿವೇಚಿಸಿದ್ದಾರೆ. ಆದುದರಿಂದ ಇಂಗ್ಲಿಷಿನ ಒಂದು ಪದಕ್ಕೆ ಕನ್ನಡದ ಒಂದೇ ಪದ ಸಿಗಲಿಲ್ಲವೆಂದು ನಮ್ಮ ಮಕ್ಕಳು ನಾಚಬೇಕಾದುದಿಲ್ಲ. 'ದಡದಡನೆ ಇಳಿದನು' ಎಂಬಲ್ಲಿ ಮೆಟ್ಟಿಲಿನ ಸದ್ದೇ ಕೇಳಿಸುತ್ತದೆ.

ಪದಗಳ ಆಯ್ಕೆಯಲ್ಲಿ ರೀತಿ, ದಿಕ್ಕುಗಳ ಆಚೆಗೂ ಒಂದು ಉಂಟು, ನಡೆಯುವವನ ಉದ್ದೇಶ. 'ಮಾರ್ಚ್' ಎಂಬುದನ್ನು ನೋಡಿ. ಅದು ಸಿಪಾಯಿಗಳ ಹೆಜ್ಜೆ. 1930ರ ಮಾರ್ಚ್ 12ರಂದು ಗಾಂಧೀಜಿ ಸಾಬರಮತಿಯಿಂದ ಹೊರಟು ಏಪ್ರಿಲ್ 6ರಂದು ದಂಡಿಯ ಕಡಲತೀರದಲ್ಲಿ ಉಪ್ಪು ಹೆಕ್ಕಿದ ಘಟನೆಯನ್ನು ಇಂಗ್ಲಿಷಿನವರು 'ಸಾಲ್ಟ್ ಮಾರ್ಚ್' ಎಂದರು. ಗುಜರಾತಿಗಳು 'ಕೂಚ್' ಎಂದರು. ಅದೂ ದಂಡು ಹೊರಡುವ ಮಾತೇ. ನಾವು ಕನ್ನಡಿಗರು 'ದಂಡಿಯಾತ್ರೆ' ಎಂದೆವು. ಆ ತಂಡದಲ್ಲಿದ್ದ ಕರ್ನಾಟಕದವರು ಮೋಟೆಬೆನ್ನೂರಿನ ಮೈಲಾರ ಮಹಾದೇವಪ್ಪನವರು. 1911ರಲ್ಲಿ ಜನಿಸಿದ ಅವರಿಗೆ ಆಗ ಇಪ್ಪತ್ತು ಕೂಡ ತುಂಬಿರಲಿಲ್ಲ. 1943ರ ಏಪ್ರಿಲ್ 1ರಂದು ಹೊಸರಿತ್ತಿಯಲ್ಲಿ ಗುಂಡಿಗೆ ಬಲಿಯಾದರು. ಅವರು ನಡೆದದ್ದು ಮಾರ್ಚೋ ಯಾತ್ರೆಯೋ? ಕಾಲುಗಳಿಗೆ ಎರಡೂ ಒಂದೇ. ನಮಗಂತೂ ಯಾತ್ರೆ ಎಂಬ ಮಾತೇ ಹಿತವಾಗಿ ಕೇಳುತ್ತದೆ. ಆಯುಧವಿಲ್ಲದವರ ನಡಿಗೆಗೆ ಸಿಪಾಯಿಯ ಮಾತು ಬಿಗಿಯಾದೀತು.

ಇಷ್ಟು ಬಂದಮೇಲೆ ನಮ್ಮ ಸಮಾಜಕ್ಕೆ ಅತ್ಯಂತ ಆತ್ಮೀಯವಾದ ಪದವನ್ನು ಮುಟ್ಟದೆ ಹೋಗುವಂತಿಲ್ಲ. 'ಜಂಗಮ' ಎಂಬುದನ್ನು ಇಂಗ್ಲಿಷಿಗೆ ಹೇಗೆ ತರಬೇಕು? ಮೈಸೂರಿನಲ್ಲಿ 1929ರಲ್ಲಿ ಹುಟ್ಟಿ, ಬೆಳಗಾವಿಯ ಲಿಂಗರಾಜ ಕಾಲೇಜಿನಲ್ಲಿ ಇಂಗ್ಲಿಷ್ ಕಲಿಸಿ, ಮುಂದೆ ಷಿಕಾಗೋ ವಿಶ್ವವಿದ್ಯಾಲಯದಲ್ಲಿ ಪ್ರಾಧ್ಯಾಪಕರಾಗಿ 1993ರಲ್ಲಿ ಅಲ್ಲಿಯೇ ತೀರಿಕೊಂಡ ಎ.ಕೆ. ರಾಮಾನುಜನ್ ಅವರು ಈ ಪ್ರಶ್ನೆಯನ್ನು ಎದುರಿಸಿದವರು. ಬಸವಣ್ಣ, ದಾಸಿಮಯ್ಯ, ಮಹಾದೇವಿಯಕ್ಕ, ಅಲ್ಲಮಪ್ರಭು ಈ ನಾಲ್ವರ ವಚನಗಳನ್ನು ಅನುವಾದಿಸಿದ ಅವರ 'ಸ್ಪೀಕಿಂಗ್ ಆಫ್ ಶಿವ' 1973ರಲ್ಲಿ ಪ್ರಕಟವಾಯಿತು. ಸ್ಥಾವರ ಮತ್ತು ಜಂಗಮಗಳನ್ನು ಎದುರುಬದುರು ನಿಲ್ಲಿಸುವ ಬಸವಣ್ಣನವರ ವಚನದಲ್ಲಿ ಅವರು ಸ್ಥಾವರಕ್ಕೆ 'ನಿಲ್ಲುವುದು' ಎಂಬರ್ಥದ ಮಾತನ್ನೂ ಜಂಗಮಕ್ಕೆ 'ಮೂವಿಂಗ್' ಎಂಬುದನ್ನೂ ಆರಿಸಿದರು. 'ವಾಕಿಂಗ್' ಎನ್ನಲಿಲ್ಲ. ಎಂದಿದ್ದರೆ ಜಂಗಮತತ್ತ್ವವು ಎರಡು ಕಾಲುಗಳಿಗೆ ಇಳಿದುಬಿಡುತ್ತಿತ್ತು. ಆ ವಿವೇಕವನ್ನು ನಾವು ಮೆಚ್ಚುತ್ತೇವೆ. ಆದರೆ ಒಂದು ಕೊರತೆಯೂ ಉಳಿಯಿತು. ಜಂಗಮ ಎಂದೊಡನೆ ನಮ್ಮ ಮನೆಗಳಲ್ಲಿ ಜೋಳಿಗೆ ಹಿಡಿದು ಬಾಗಿಲಿಗೆ ಬರುವ ಮೂರ್ತಿ ಕಣ್ಣಿಗೆ ಕಟ್ಟುತ್ತದೆ. ಅವನು ಚರಮೂರ್ತಿ, ಪಾದಪೂಜೆ ಕೊಳ್ಳುವವನು, ಪಾದವುಳ್ಳವನು. 'ಮೂವಿಂಗ್' ಎಂಬುದರಲ್ಲಿ ತತ್ತ್ವ ಉಂಟು, ಮನುಷ್ಯನಿಲ್ಲ. ಇದು ಅನುವಾದಕರ ತಪ್ಪಲ್ಲ. ಇಂಗ್ಲಿಷಿನ ಒಂದೇ ಮಾತಿನಲ್ಲಿ ಎರಡೂ ಹಿಡಿಯುವಂತಿಲ್ಲ.

ಸಂಸ್ಕೃತದಲ್ಲಿ ಜಂಗಮವು 'ಗಮ್' ಧಾತುವನ್ನು ಇಮ್ಮಡಿಸಿದ ರೂಪ. ಮತ್ತೆ ಮತ್ತೆ ಹೋಗುವಂಥದು. ಇದನ್ನು ಪಾಠ ಹೇಳುವಾಗ ನಮ್ಮ ಗುರುಗಳು ಒಂದು ವಿನೋದವನ್ನು ಸೇರಿಸುತ್ತಿದ್ದರು. ಗತ್ಯರ್ಥದ ಧಾತುಗಳನ್ನು ಹಾಗೆ ಇಮ್ಮಡಿಸಿದರೆ ಸೊಟ್ಟಗೆ ಹೋಗುವುದು ಎಂದೇ ಅರ್ಥ ಬರಬೇಕೆಂದು ಪಾಣಿನಿಯ ಒಂದು ಸೂತ್ರವಿದೆ! "ಆದರೆ ರೂಢಿಯ ಮುಂದೆ ಸೂತ್ರ ಕೈಮುಗಿಯುತ್ತದೆ, ನೀವು ಮಾತ್ರ ನೆಟ್ಟಗೆ ನಡೆಯಿರಿ" ಎಂದು ನಗುತ್ತಿದ್ದರು. ಹುಟ್ಟಿನಿಂದ ಜಂಗಮರೆನಿಸಿಕೊಂಡ ನಾವು ಈಗ ಮಂಡಿನೋವಿನಿಂದ ಸೂತ್ರವನ್ನೇ ಪಾಲಿಸುತ್ತಿದ್ದೇವೆ. ಇನ್ನೊಂದು ಕೌತುಕವಿದೆ. ಈ 'ಗಮ್' ಧಾತುವಿಗೆ ಇಂಗ್ಲಿಷಿನಲ್ಲಿ ಸಂಬಂಧಿಯಾದ ಪದ 'ಗೋ' ಅಲ್ಲ, 'ಕಮ್'! ಒಂದೇ ಮೂಲದಿಂದ ಹೊರಟ ಮಾತು ಇಲ್ಲಿ ಹೋಗುವುದಾಯಿತು, ಅಲ್ಲಿ ಬರುವುದಾಯಿತು. ಇದನ್ನು ಹಿರಿಯರಿಗೆ ಹೇಳಿದಾಗ ಅವರು ಬೆರಗಾಗಲಿಲ್ಲ. "ಅದರಾಗೇನೈತ್ರಿ, ನಾವೂ ಹೋಗಿ ಬರ್ತೀನಿ ಅಂತೀವಲ್ಲ" ಎಂದರು. ನಿಜವೇ. ಹೊಸ್ತಿಲಲ್ಲಿ ನಿಂತು ಬರಿದೆ 'ಹೋಗುತ್ತೇನೆ' ಎಂದವರನ್ನು ನಮ್ಮ ತಾಯಂದಿರು ಒಳಕ್ಕೆ ಕರೆದು ಬಯ್ಯುತ್ತಿದ್ದರು. 'ದಯಮಾಡಿಸಿ' ಎಂಬುದನ್ನೇ ನೋಡಿ. ಬಾಗಿಲಿಗೆ ಬಂದ ಸ್ವಾಮಿಗಳಿಗೂ ಅದೇ ಮಾತು, ಹೊರಟ ಸ್ವಾಮಿಗಳಿಗೂ ಅದೇ ಮಾತು.

ಪುಷ್ಯಮಾಸದಲ್ಲಿ ವೈದ್ಯರು ಮತ್ತೊಂದು ಎಕ್ಸರೆ ನೋಡಿ, ಬಲಗಾಲಿನ ಮೇಲೆ ಭಾರ ಹಾಕಬಹುದೆಂದರು. ಈ ಸಲದ ಚೀಟಿಯನ್ನು ನಾವು ಓದಲಿಲ್ಲ. ವ್ಯಾಯಾಮಚಿಕಿತ್ಸೆಯ ಆ ತರುಣಿಯನ್ನೇ ಕೂಡಿಸಿಕೊಂಡು, ಅವಳು ಹೇಳಿದ್ದನ್ನು ಕನ್ನಡದಲ್ಲಿ ಬರೆದು, ಅವಳಿಂದಲೇ ಓದಿಸಿ, ಸರಿಯೆನಿಸಿಕೊಂಡು ಗೋಡೆಗೆ ಅಂಟಿಸಿದೆವು: ಎಷ್ಟು ಹೊತ್ತು ಕೂಡುವುದು, ಯಾವ ಕಾಲು ಮೊದಲು, ಕೋಲು ಯಾವ ಕೈಯಲ್ಲಿ, ದಿನಕ್ಕೆ ಎಷ್ಟು ಹೆಜ್ಜೆ. ಕೋಲನ್ನು ನೋವಿಲ್ಲದ ಕಡೆಯ ಕೈಯಲ್ಲಿ ಹಿಡಿಯಬೇಕಂತೆ. ನಾವಾಗಿದ್ದರೆ ಅದನ್ನೂ ತಿರುವುಮುರುವು ಹೇಳಿಬಿಡುತ್ತಿದ್ದೆವು. ಅದರಲ್ಲಿ 'ಓಡಾಡು' ಎಂಬ ಮಾತು ಒಂದು ಕಡೆಯೂ ಇಲ್ಲ. ಆಸ್ಪತ್ರೆಯ ಚೀಟಿ ಹಿಡಿದು ಮನೆಗೆ ಬರುವ ವಾಚಕರಲ್ಲಿ ನಮ್ಮ ಬೇಡಿಕೆ ಇಷ್ಟೇ: ಅರ್ಥವನ್ನು ಬರೆದವರಲ್ಲಿಯೇ ಕೇಳಿರಿ, ನೆರೆಮನೆಯ ಪಂಡಿತನಲ್ಲಿ ಅಲ್ಲ.

ಮಾಘ ಬಂದಿತು. ಕೊಟ್ಟೂರಿಗೆ ಕಾರಿನಲ್ಲಿ ಕರೆದುಕೊಂಡು ಹೋಗುತ್ತೇನೆಂದು ಮಗನು ಎಷ್ಟು ಹೇಳಿದರೂ ಹಿರಿಯರು ಒಪ್ಪಲಿಲ್ಲ. "ಕಾರಿನಾಗೆ ಹೋದ್ರೆ ಹೋದಂಗಾಗ್ತದೆ, ನಡೆದಂಗಾಗಲ್ಲ" ಎಂದರು. ನಮ್ಮ ಬೀದಿಯ ಯಾತ್ರಿಕರು ಹೊರಟ ದಿನ ಬೆಳಗ್ಗೆ ವಿಭೂತಿ ಧರಿಸಿ, ಎಡಗೈಯಲ್ಲಿ ಕೋಲು ಹಿಡಿದು, ಅವರ ಜೊತೆ ಬೀದಿಯ ಕೊನೆಯವರೆಗೆ ಹೋದರು. ಮೊಮ್ಮಗಳು ಹಿಂದಿನಿಂದ ಹೆಜ್ಜೆಗಳನ್ನು ಎಣಿಸುತ್ತ ಬಂದಳು. ನೂರಾ ಹನ್ನೆರಡು ಆದವು. ಯಾತ್ರಿಕರು ತಿರುವಿನಲ್ಲಿ ಮರೆಯಾಗುವವರೆಗೂ ಅಲ್ಲಿಯೇ ನಿಂತಿದ್ದರು. ಹಿಂದಿರುಗುವಾಗ ನಮ್ಮ ತೋಳು ಹಿಡಿದು, "ಅಯ್ನೋರೇ, ಈ ನಡಿಗೆಗೆ ಇಂಗ್ಲಿಷಿನಾಗೆ ಏನಂತಾರೆ?" ಎಂದು ಕೇಳಿದರು. ನಾವು ಮೊಮ್ಮಗಳ ಮುಖ ನೋಡಿದೆವು. ಅವಳು ಪುಸ್ತಕ ಮನೆಯಲ್ಲಿದೆ ಎಂದಳು.